ಸ್ಟೇಷನ್‌ನಿಂದ ಫೋನ್ ಬಂದರೆ ಹೋಗಲೇಬೇಕಾ?

ಮೂಡಿಗೆರೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಪಕ್ಕದ ತೋಟದಲ್ಲಿ ಕಾಫಿ ಮೂಟೆ ಕಳುವಾಗಿದೆ. ನಮ್ಮ ತಂದೆಗೆ ಸ್ಟೇಷನ್‌ನಿಂದ ಫೋನ್ ಮಾಡಿ, ಸ್ವಲ್ಪ ಬಂದು ಹೋಗಿ ಅಂದಿದ್ದಾರೆ. ಅವರಿಗೆ 64 ವರ್ಷ. ಹೋಗದಿದ್ದರೆ ತಪ್ಪಾಗುತ್ತಾ?"

ಬರೀ ಫೋನ್ ಕರೆಗೆ ಹೋಗಲೇಬೇಕು ಅಂತೇನಿಲ್ಲ. ಹಾಗಂತ ಫೋನ್ ಸ್ವಿಚ್ ಆಫ್ ಮಾಡಿ ಕೂರಬೇಡಿ, ಅದು ಸುಮ್ನೆ ಅನುಮಾನಕ್ಕೆ ದಾರಿ. "ಸಾರ್, ಯಾವ ಕೇಸು? ಸಾಕ್ಷಿ ಅಂತ ಕರೀತಿದ್ದೀರಾ, ಆರೋಪಿ ಅಂತಾನಾ? ನೋಟಿಸ್ ಕೊಡಿ" ಅಂತ ಮರ್ಯಾದೆಯಿಂದಲೇ ಕೇಳಿ. ಮುಂದಿನದೆಲ್ಲ ಆ ಉತ್ತರದ ಮೇಲಿದೆ.

ಸಾಕ್ಷಿ ಅಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಬರಹದಲ್ಲೇ ಕರೆಯಬೇಕು. ನಿಮ್ಮ ತಂದೆಗೆ 60 ದಾಟಿದೆ, ಅಲ್ವಾ? ಹಾಗಾದರೆ ಅವರಾಗಿಯೇ ಬರ್ತೀನಿ ಅನ್ನದ ಹೊರತು ಪೊಲೀಸರೇ ಮನೆಗೆ ಬಂದು ವಿಚಾರಿಸಬೇಕು. ಹೆಂಗಸರಿಗೆ, 15 ವರ್ಷದೊಳಗಿನ ಹುಡುಗರಿಗೆ, ಅಂಗವಿಕಲರಿಗೆ, ತೀವ್ರ ಕಾಯಿಲೆಯವರಿಗೂ ಇದೇ ನಿಯಮ.

ಆರೋಪಿ ಅಂತ ಕರೆದರೆ ಅದೇ ಸಂಹಿತೆಯ 35(3)ನೇ ಸೆಕ್ಷನ್‌ನ ನೋಟಿಸ್ ಬರುತ್ತದೆ. ಇದಕ್ಕೆ ಹೋಗಲೇಬೇಕು. ಹೋಗಿ ಸಹಕರಿಸಿದರೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ, ಬಂಧಿಸಿದರೆ ಕಾರಣ ಬರೆದಿಡಬೇಕು. ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗಬಹುದು. ವಾಟ್ಸಾಪ್‌ನಲ್ಲಿ ಕಳಿಸಿದರೆ ಆಯ್ತಾ? ಆಗಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಜನ ಜಾಸ್ತಿ ಎಡವುವುದು ಸಹಿ ಹಾಕುವಾಗ. ತನಿಖೆ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ, ಅದು ನಿಮ್ಮದೇ ಮಾತಾಗಿದ್ದರೂ, ಹೇಳಿದವರಿಂದ ಸಹಿ ತೆಗೆದುಕೊಳ್ಳುವಂತಿಲ್ಲ, 181ನೇ ಸೆಕ್ಷನ್ ನೋಡಿ. ಮಹಜರು, ಅಂದರೆ ಸ್ಥಳ ಅಥವಾ ವಸ್ತು ನೋಡಿ ಸಾಕ್ಷಿಗಳ ಮುಂದೆ ಬರೆಯುವ ದಾಖಲೆ, ಬೇರೆ; ಅದನ್ನು ಪೂರ್ತಿ ಓದಿಸಿಕೊಂಡು ಸಹಿ ಮಾಡಿ. ಖಾಲಿ ಹಾಳೆಗೆ ಮಾತ್ರ ಯಾರು ಹೇಳಿದರೂ ಬೇಡ. ನಿಮ್ಮನ್ನೇ ಸಿಕ್ಕಿಸುವಂಥ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ, ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಇದೆ.

ಅಕಸ್ಮಾತ್ ಬಂಧಿಸಿದರೆ? ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಿಚಾರಣೆ ನಡುವೆ ವಕೀಲರನ್ನು ನೋಡಲು ಬಿಡಬೇಕು, ಆದರೆ ವಕೀಲರು ಪೂರ್ತಿ ಹೊತ್ತು ಪಕ್ಕದಲ್ಲೇ ಕೂರುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. "ನಾಳೆ ಭಾನುವಾರ, ಸೋಮವಾರ ನೋಡೋಣ" ಅಂದರೆ ಒಪ್ಪಬೇಡಿ, ರಜೆ ದಿನ ಮ್ಯಾಜಿಸ್ಟ್ರೇಟ್ ಮನೆಗೇ ಕರೆದೊಯ್ಯುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಚಿಕ್ಕಮಗಳೂರಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.