ಹಳೇ ಡಿ40ಯನ್ನು ಜನ ಇನ್ನೂ ಬಿಡದಿರುವುದಕ್ಕೆ ಒಂದು ಕಾರಣ: 1/500ರ ಫ್ಲ್ಯಾಶ್ ಸಿಂಕ್

ಕಲಿಯೋಕೆ ಅಂತ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಹುಡುಕಿದರೆ ನಿಕಾನ್ ಡಿ40 ಕಣ್ಣಿಗೆ ಬಿದ್ದೇ ಬೀಳುತ್ತದೆ. 2006ರ ಕೊನೆಗೆ ಬಂದದ್ದು. 6.1 ಮೆಗಾಪಿಕ್ಸೆಲ್, ಮೂರೇ ಫೋಕಸ್ ಪಾಯಿಂಟ್, ವಿಡಿಯೊ ಇಲ್ಲವೇ ಇಲ್ಲ. ಇದರಲ್ಲೇನಿದೆ ಅಂತ ಕೇಳಿದರೆ 'ಸಿಸಿಡಿ ಬಣ್ಣ' ಅನ್ನುವವರೇ ಜಾಸ್ತಿ (ಸಿಸಿಡಿ ಅಂದರೆ ಇದರೊಳಗಿರುವ ಹಳೇ ಬಗೆಯ ಸೆನ್ಸರ್). ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್, ಕ್ಯಾಮೆರಾ ಒಳಗಿನ ಪ್ರೊಸೆಸಿಂಗ್ ಎಲ್ಲಾ ಸೇರಿ ಬಣ್ಣ ಬರುವುದು. ಸಿಸಿಡಿಯ ನಿಜವಾದ ಲಾಭ ಇರುವುದು ಫ್ಲ್ಯಾಶ್‌ನಲ್ಲಿ. ಫ್ಲ್ಯಾಶ್ ಸಿಂಕ್ ಅಂದರೆ ಫ್ಲ್ಯಾಶ್ ಸರಿಯಾಗಿ ಬೀಳುವ ಅತಿ ವೇಗದ ಶಟರ್ ಸ್ಪೀಡ್, ಇದರಲ್ಲಿ ಅದು 1/500 ಸೆಕೆಂಡ್.

ಸಾಮಾನ್ಯ ಡಿಎಸ್‌ಎಲ್‌ಆರ್ ಶಟರ್‌ಗೆ ಎರಡು ಪರದೆ. ಮೊದಲನೆಯದು ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸ್ಪೀಡ್ 1/200 ಅಥವಾ 1/250 ದಾಟಿದರೆ ಮೊದಲನೆಯದು ಪೂರ್ತಿ ಸರಿಯುವ ಮೊದಲೇ ಎರಡನೆಯದು ಹೊರಟುಬಿಡುತ್ತದೆ, ಹಾಗಾಗಿ ಸೆನ್ಸರ್ ಮೇಲೆ ಒಂದು ಸಂದಿ ಮಾತ್ರ ಓಡುತ್ತದೆ. ಆಗ ಫ್ಲ್ಯಾಶ್ ಮಿಂಚಿದರೆ ಚಿತ್ರದಲ್ಲಿ ಕಪ್ಪು ಪಟ್ಟಿ. ಡಿ40 ಹಾಗಲ್ಲ. ವೇಗದ ಸ್ಪೀಡ್‌ಗಳಲ್ಲಿ ಪರದೆ ಪೂರ್ತಿ ತೆರೆದೇ ಇರುತ್ತದೆ, ಸಿಸಿಡಿಯೇ ಆನ್ ಆಗಿ ಆಫ್ ಆಗುತ್ತದೆ. ಇಡೀ ಸೆನ್ಸರ್ ಒಟ್ಟಿಗೆ ಬೆಳಕು ಕಾಣುವುದರಿಂದ 1/500ರಲ್ಲೂ ಫ್ಲ್ಯಾಶ್ ಸರಿಯಾಗಿ ಬೀಳುತ್ತದೆ.

ಅದರಿಂದ ಏನು ಸಿಗ್ತದೆ? ಲೆಕ್ಕ ಹಾಕಿ ನೋಡೋಣ. ನೆತ್ತಿ ಮೇಲೆ ಬಿಸಿಲು, ಎದುರಿಗೆ ನಿಂತವರ ಕಣ್ಣಗುಳಿ ಕಪ್ಪು. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 200. 1/200 ಇಟ್ಟರೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/16 ಬೇಕು, 1/500 ಆದರೆ ಅದಕ್ಕಿಂತ ಅಗಲದ ಎಫ್/10 ಸಾಕು. ಬಿಸಿಲಿನ ಎಕ್ಸ್‌ಪೋಶರ್ ಎರಡರಲ್ಲೂ ಒಂದೇ. ಆದರೆ ಫ್ಲ್ಯಾಶ್ ಬೆಳಕಿಗೆ ಶಟರ್ ಸ್ಪೀಡ್ ಲೆಕ್ಕಕ್ಕಿಲ್ಲ, ಅಪರ್ಚರ್ ಮಾತ್ರ. ಇದರ ಪುಟ್ಟ ಫ್ಲ್ಯಾಶ್‌ನ ಗೈಡ್ ನಂಬರ್ (ಫ್ಲ್ಯಾಶ್‌ನ ಬಲ ಹೇಳುವ ಅಂಕಿ) ಐಎಸ್‌ಒ 200ರಲ್ಲಿ ಸುಮಾರು 17 ಮೀಟರ್, ಅದನ್ನು ಅಪರ್ಚರ್‌ನಿಂದ ಭಾಗಿಸಿದರೆ ಫ್ಲ್ಯಾಶ್ ಬೆಳಕು ಮುಟ್ಟುವ ದೂರ ಸಿಗುತ್ತದೆ. ಎಫ್/16ರಲ್ಲಿ ಒಂದು ಮೀಟರ್ ಚಿಲ್ಲರೆ, ಎಫ್/10ರಲ್ಲಿ 1.7 ಮೀಟರ್. ಮುಖದ ಹತ್ತಿರಕ್ಕೇ ಹೋಗಿ ನಿಲ್ಲುವುದಕ್ಕೂ ಎರಡು ಹೆಜ್ಜೆ ಹಿಂದೆ ನಿಂತು ಅರ್ಧ ಆಳನ್ನು ಫ್ರೇಮಿಗೆ ತರುವುದಕ್ಕೂ ಇರುವ ವ್ಯತ್ಯಾಸ ಅದು, ಕಮ್ಮಿಯೇನಲ್ಲ ಅಲ್ವಾ?

ಹೊರಗಿನ ಮ್ಯಾನ್ಯುಯಲ್ ಫ್ಲ್ಯಾಶ್ ಇದ್ದರೆ 1/500ನ್ನೂ ದಾಟಬಹುದು. ಫ್ಲ್ಯಾಶ್‌ನ ಬುಡದಲ್ಲಿರುವ ಪಿನ್‌ಗಳಲ್ಲಿ ನಡುವಿನದನ್ನು ಬಿಟ್ಟು ಉಳಿದವಕ್ಕೆ ಟೇಪ್ ಅಂಟಿಸಿದರೆ, ಮೇಲೆ ಫ್ಲ್ಯಾಶ್ ಕೂತಿದೆ ಅಂತ ಕ್ಯಾಮೆರಾಗೆ ಗೊತ್ತಾಗುವುದಿಲ್ಲ, ಸ್ಪೀಡ್ ತಡೆಯುವುದೂ ಇಲ್ಲ. ಫುಲ್ ಪವರ್ ಮಾತ್ರ ಬೇಡ. ಫುಲ್ ಪವರ್‌ನಲ್ಲಿ ಮಿಂಚು ಜಾಸ್ತಿ ಹೊತ್ತು ಉರಿಯುತ್ತದೆ, ಅದು ಮುಗಿಯುವ ಮೊದಲೇ ಸೆನ್ಸರ್ ಆಫ್ ಆಗಿ ಅರ್ಧ ಬೆಳಕು ದಂಡ.

ತೊಂದರೆಯೂ ಇದೆ. ಫ್ರೇಮಿನೊಳಗೇ ಸೂರ್ಯ ಬಂದರೆ ಉದ್ದಕ್ಕೆ ಬಿಳಿ ಗೆರೆ ಎಳೆದ ಹಾಗೆ ಕಾಣಬಹುದು. ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ, ಹಾಗಾಗಿ 50 ಎಂಎಂ ಎಫ್/1.8ಡಿ ತರಹದ ಲೆನ್ಸ್‌ನಲ್ಲಿ ಕೈಯಲ್ಲೇ ಫೋಕಸ್ ಮಾಡಬೇಕು.

ಕೊಳ್ಳುವಾಗ ಒಂದು ಎಚ್ಚರ. 2007ರಲ್ಲಿ ಬಂದ ಡಿ40ಎಕ್ಸ್ ನೋಡೋಕೆ ಥೇಟ್ ಇದೇ ತರಹ, 10 ಮೆಗಾಪಿಕ್ಸೆಲ್ ಬೇರೆ. ಆದರೆ ಅದರ ಸಿಂಕ್ 1/200ಕ್ಕೇ ನಿಲ್ಲುತ್ತದೆ. ಬಾಡಿ ಮೇಲಿನ ಹೆಸರು ಓದಿಕೊಂಡೇ ದುಡ್ಡು ಕೊಡಿ.