ಹಾಲು ಸಾಲುತ್ತಿಲ್ಲ ಅನ್ನುವ ಮೊದಲು ಲಂಗೋಟಿ ಎಣಿಸಿ

ಹೆರಿಗೆಯಾದ ಮೂರನೇ ದಿನ ವಾರ್ಡಿಗೆ ಹೋದರೆ ಒಬ್ಬರಾದರೂ "ಮೇಡಂ, ಹಾಲೇ ಬರ್ತಿಲ್ಲ" ಎಂದು ಕಣ್ಣೀರು ಹಾಕುತ್ತಾರೆ. ಮಗು ಅಳುತ್ತಿರುತ್ತದೆ. ಪಕ್ಕದಲ್ಲಿ ಅತ್ತೆಯೋ ಚಿಕ್ಕಮ್ಮನೋ "ನಮ್ಮ ಮನೇಲಿ ಯಾರಿಗೂ ಹೀಗಾಗಿರಲಿಲ್ಲ" ಅನ್ನುತ್ತಿರುತ್ತಾರೆ, ಗಂಡ ಆಗಲೇ ಮೆಡಿಕಲ್ ಶಾಪಿನಿಂದ ಡಬ್ಬಿ ಹಾಲು ತಂದಿಟ್ಟಿರುತ್ತಾನೆ.

ನಾನು ಆಗ ಬುದ್ಧಿ ಹೇಳಲು ಹೋಗುವುದಿಲ್ಲ. ಒಂದು ಸಲ ಕುಡಿಸಿ ತೋರಿಸಮ್ಮ ಅನ್ನುತ್ತೇನೆ.

ಮೊನ್ನೆ ಹೀಗೇ ಒಬ್ಬಳು. ಸಿಸೇರಿಯನ್ ಆಗಿತ್ತು. ಮಗುವಿನ ಮೇಲೆ ಪೂರ್ತಿ ಬಾಗಿದ್ದಳು, ಭುಜ ಎರಡೂ ಕಿವಿ ಹತ್ತಿರ. ಮಗುವಿನ ಬಾಯಲ್ಲಿ ಬರೀ ತೊಟ್ಟಿನ ತುದಿ, ನೋವಿಗೆ ಇವಳ ಕಾಲ್ಬೆರಳು ಮುದುಡಿದ್ದವು. ಮೊಣಕೈ ಕೆಳಗೆ ದಿಂಬು ಕೊಟ್ಟೆ. ಹೊಟ್ಟೆಗೆ ಹೊಟ್ಟೆ ತಾಗುವಂತೆ ಮಗುವನ್ನು ತಿರುಗಿಸಿ, ಅದು ಆಕಳಿಸುವಷ್ಟು ಬಾಯಿ ತೆರೆಯುವವರೆಗೆ ಕಾಯಿಸಿದೆ. ಮಗುವಿನ ಗದ್ದ ಎದೆಗೆ ಒತ್ತಿತು, ಕೆಳತುಟಿ ಹೊರಗೆ ಮಡಚಿತು, ಚಪ್ ಚಪ್ ಸದ್ದು ನಿಂತು ಗುಟುಕು ಕೇಳಿಸಿತು. ಅವಳ ಕಾಲ್ಬೆರಳು ತಾನಾಗೇ ಸಡಿಲಾಯ್ತು.

ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯುವುದು ಹೆಚ್ಚೆಂದರೆ ಒಂದೆರಡು ಚಮಚ. ಹಳದಿ ಬಣ್ಣದ ಗಟ್ಟಿ ಹಾಲು ಅಷ್ಟಕ್ಕೆ ಸಾಕು. ಅದನ್ನು ಪಂಪಿನಲ್ಲಿ ತೆಗೆದು ಅಳೆದರೆ ಯಾರಿಗಾದರೂ ಗಾಬರಿಯಾಗುತ್ತೆ, ಅಳೆಯಬೇಡಿ. ಸಾಮಾನ್ಯವಾಗಿ ಎರಡರಿಂದ ಐದನೇ ದಿನದೊಳಗೆ ಎದೆ ತುಂಬುತ್ತದೆ, ಸಿಸೇರಿಯನ್ ಆದವರಿಗೆ ಸ್ವಲ್ಪ ತಡ. ಮಗು ಹೀರಿದಷ್ಟೂ ಹಾಲು ಬರುತ್ತದೆ. ಅದಕ್ಕೇ ದಿನಕ್ಕೆ 8ರಿಂದ 12 ಸಲ ಕುಡಿಸಿ ಅನ್ನುವುದು. ಸುಮ್ನೆ ಭಯಕ್ಕೆ ಡಬ್ಬಿ ಹಾಲು ಕೊಟ್ಟರೆ ಮಗು ಮಲಗಿಬಿಡುತ್ತದೆ, ಹೀರುವುದು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ, ಆಮೇಲೆ "ನಾನ್ ಹೇಳ್ಲಿಲ್ವಾ?" ಅನ್ನುವವರು ರೆಡಿ.

ಹಾಗಾದರೆ ಸಾಲುತ್ತಿದೆ ಅಂತ ಗೊತ್ತಾಗುವುದು ಹೇಗೆ? ಲಂಗೋಟಿ ಎಣಿಸಿ. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಮಾಡಬೇಕು. ಮೊದಲು ಇಳಿದ ತೂಕ ಎರಡು ವಾರದೊಳಗೆ ವಾಪಸ್ ಬರಬೇಕು. ಉಚ್ಚೆ ಕಡಿಮೆಯಾದರೆ, ಎಬ್ಬಿಸಿದರೂ ಕುಡಿಯದೆ ಮಂಕಾಗಿ ಮಲಗಿದ್ದರೆ, ಕಾಮಾಲೆ ಜಾಸ್ತಿಯಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಕೆಲವರಿಗೆ ನಿಜವಾಗಿಯೂ ಹಾಲು ಕಡಿಮೆ ಇರುತ್ತದೆ, ಹೆರಿಗೆಯಲ್ಲಿ ರಕ್ತ ತುಂಬಾ ಹೋದವರಿಗೆ ಹೀಗಾಗಬಹುದು. ಅಂಥವರಿಗೆ ಡಾಕ್ಟರ್ ಹೇಳಿ ಕೊಡುವ ಡಬ್ಬಿ ಹಾಲು ತಪ್ಪಲ್ಲ.

ಹಾಲು ಹೆಚ್ಚಲಿ ಅಂತ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಬೇಕಾದರೆ ತಿನ್ನಲಿ, ಪಾಪ, ಬಾಣಂತಿಗೆ ಕುಡಿಯೋ ನೀರು ಮಾತ್ರ ಕಡಿಮೆ ಮಾಡಬೇಡಿ.

ಇನ್ನು ಅತ್ತೆ. ಮೊದಲೆಲ್ಲ ಅವರನ್ನು ಹೊರಗೆ ಕಳಿಸಿ ತಾಯಿಗೆ ಮಾತ್ರ ಹೇಳಿಕೊಡುತ್ತಿದ್ದೆ. ದಡ್ಡತನ! ರಾತ್ರಿ ಎರಡು ಗಂಟೆಗೆ ಅವಳ ಪಕ್ಕದಲ್ಲಿ ಇರುವುದು ನಾನಲ್ಲ, ಅವರು. ಈಗ ಲಂಗೋಟಿ ಲೆಕ್ಕ ಅವರಿಗೇ ವಹಿಸುತ್ತೇನೆ. ಆ ಸಿಸೇರಿಯನ್ ಹುಡುಗಿಯ ಅತ್ತೆ ಎಂಟನೇ ದಿನ ಕ್ಯಾಲೆಂಡರ್ ಹಾಳೆಯನ್ನೇ ಹರಿದು ತಂದಿದ್ದರು, ಅದರ ತುಂಬ ಪೆನ್ಸಿಲ್ ಗೀಟು. "ನಿನ್ನೆ ಏಳು ಮೇಡಂ, ಕಕ್ಕದ್ದು ಬೇರೆ ಬರ್ದಿದೀನಿ."