ಫ್ಲೈಯಿಂಗ್ ಬೋಟ್: ಮೊದಲು ದೋಣಿ, ಆಮೇಲೆ ವಿಮಾನ

ಎರಡನೇ ಮಹಾಯುದ್ಧ ಕಾಲದ, ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನದ ಚಿತ್ರವೊಂದು ಮತ್ತೆ ಕಣ್ಣಿಗೆ ಬಿತ್ತು. ಕೆಳಗೆ ‘ಫ್ಲೋಟ್‌ಪ್ಲೇನ್’ ಎಂದು ಬರೆದಿತ್ತು. ಯಾರೋ ಅದನ್ನು ‘ಸೀಪ್ಲೇನ್’ ಎಂದು ತಿದ್ದಿದ್ದರು, ಇನ್ನೊಬ್ಬರು ‘ಆಂಫಿಬಿಯನ್’ ಎಂದು ವಾದಿಸಿದ್ದರು. 2020ರಲ್ಲಿ ಸಾಬರಮತಿಯಿಂದ ಕೇವಡಿಯಾಕ್ಕೆ ಹಾರಿದ ಟ್ವಿನ್ ಆಟರ್ ವಿಮಾನವನ್ನು ‘ಫ್ಲೈಯಿಂಗ್ ಬೋಟ್’ ಎಂದು ಕರೆದ ಬರಹಗಳೂ ಕಡಿಮೆಯೇನಿಲ್ಲ. ನೀರಿನ ಮೇಲೆ ಇಳಿಯುವುದೆಲ್ಲ ಒಂದೇ, ಹೆಸರಿನಲ್ಲೇನಿದೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಹಳೆಯ ವಿಮಾನಗಳನ್ನು ಜನ ಎಂಬತ್ತು ವರ್ಷಗಳಾದ ಮೇಲೂ ಇಷ್ಟೊಂದು ಪ್ರೀತಿಯಿಂದ ನೋಡುವುದಕ್ಕೆ ಕಾರಣವೇ ಆ ವ್ಯತ್ಯಾಸದಲ್ಲಿದೆ. ಹೆಸರು ಕಲಸಿಹೋದರೆ ಕಾರಣವೂ ಕಲಸಿಹೋಗುತ್ತದೆ.

ಗೊಂದಲಕ್ಕೆ ನಮ್ಮ ಪತ್ರಿಕೆಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಅದರ ಬೇರು ಹಳೆಯದು. 1910ರ ಮಾರ್ಚ್ 28ರಂದು ಫ್ರಾನ್ಸಿನ ಮಾರ್ತೀಗ್ ಬಳಿಯ ಬೆರ್ ಹಿನ್ನೀರಿನಿಂದ ಆನ್ರಿ ಫಾಬ್ರ್ ತನ್ನ ವಿಮಾನವನ್ನು ಮೇಲಕ್ಕೆಬ್ಬಿಸಿದ. ಸ್ವಂತ ಎಂಜಿನ್ ಬಲದಿಂದ ನೀರಿನ ಮೇಲಿಂದ ಎದ್ದ ಮೊದಲ ವಿಮಾನ ಅದು. ಅದು ನಿಂತಿದ್ದದ್ದು ಮೂರು ಫ್ಲೋಟ್‌ಗಳ ಮೇಲೆ, ಅಂದರೆ ನೀರಿನಲ್ಲಿ ತೇಲುವ ಟೊಳ್ಳು ಪೆಟ್ಟಿಗೆಗಳ ಮೇಲೆ. ಮರುವರ್ಷ ಅಮೆರಿಕದಲ್ಲಿ ಗ್ಲೆನ್ ಕರ್ಟಿಸ್ ಕೂಡ ಫ್ಲೋಟ್ ಹೊತ್ತ ವಿಮಾನವನ್ನೇ ಹಾರಿಸಿದ. 1912ರಲ್ಲಿ ಅವನು ದಾರಿ ಬದಲಿಸಿದ: ವಿಮಾನದ ಕೆಳಗೆ ಫ್ಲೋಟ್ ಕಟ್ಟುವುದನ್ನು ಬಿಟ್ಟು ದೋಣಿಯೊಂದನ್ನು ಮಾಡಿ ಅದಕ್ಕೇ ರೆಕ್ಕೆ ಜೋಡಿಸಿದ. ಫ್ಲೈಯಿಂಗ್ ಬೋಟ್ ಎಂಬ ಹೆಸರು ಹುಟ್ಟಿದ್ದು ಈ ಬಗೆಯ ವಿಮಾನಕ್ಕೆ. ಅದು ಅಲಂಕಾರದ ಮಾತಲ್ಲ, ಕಂಡದ್ದನ್ನು ಕಂಡಂತೆ ಹೇಳಿದ ಮಾತು.

ಆವರೆಗೆ ಇಂಗ್ಲಿಷಿನಲ್ಲಿ ‘ಹೈಡ್ರೋ-ಏರೋಪ್ಲೇನ್’ ಎಂಬ ಉದ್ದನೆಯ ಹೆಸರು ನಡೆಯುತ್ತಿತ್ತು. 1913ರಲ್ಲಿ ಬ್ರಿಟನ್ನಿನ ನೌಕಾಖಾತೆಯನ್ನು ನೋಡಿಕೊಳ್ಳುತ್ತಿದ್ದ ವಿನ್ಸ್‌ಟನ್ ಚರ್ಚಿಲ್ ಅದರ ಜಾಗಕ್ಕೆ ‘ಸೀಪ್ಲೇನ್’ ಎಂಬುದನ್ನು ತಂದರೆಂದು ಹೇಳುವುದುಂಟು. ಬ್ರಿಟಿಷರ ಬಾಯಲ್ಲಿ ಸೀಪ್ಲೇನ್ ಎಂದರೆ ಬಹುಕಾಲ ಫ್ಲೋಟ್ ಹೊತ್ತ ವಿಮಾನ ಮಾತ್ರ. ಫ್ಲೈಯಿಂಗ್ ಬೋಟ್ ಬೇರೆಯೇ ಜಾತಿ. 1931ರಲ್ಲಿ ನೀರಿನ ವಿಮಾನಗಳ ವೇಗಸ್ಪರ್ಧೆಯಾದ ಷ್ನೈಡರ್ ಟ್ರೋಫಿ ಗೆದ್ದ ಸೂಪರ್‌ಮರೀನ್ ಎಸ್.6ಬಿ ಅವರಿಗೆ ಸೀಪ್ಲೇನ್. ನಾಲ್ಕು ಎಂಜಿನ್‌ಗಳ ಫ್ಲೈಯಿಂಗ್ ಬೋಟ್ ಸಂಡರ್‌ಲ್ಯಾಂಡ್ ಎಂದೂ ಸೀಪ್ಲೇನ್ ಅಲ್ಲ. ಅಮೆರಿಕನ್ನರು ಮಾತ್ರ ಸೀಪ್ಲೇನ್ ಎಂಬುದನ್ನು ಎಲ್ಲಕ್ಕೂ ಸಲ್ಲುವ ಹೆಸರಾಗಿಸಿ, ಅದರ ಕೆಳಗೆ ಫ್ಲೋಟ್‌ಪ್ಲೇನ್, ಫ್ಲೈಯಿಂಗ್ ಬೋಟ್ ಎಂದು ಎರಡು ಕವಲು ಮಾಡಿದರು. ಈಗ ಜಗತ್ತು ನಡೆಯುತ್ತಿರುವುದು ಅಮೆರಿಕನ್ನರ ರೂಢಿಯಲ್ಲಿ. ನಾವು ಯುದ್ಧಕಾಲದ ಕಥೆಗಳನ್ನು ಬ್ರಿಟಿಷ್ ಪುಸ್ತಕಗಳಿಂದಲೂ ವಿಮಾನಗಳ ವಿವರವನ್ನು ಅಮೆರಿಕನ್ ಮೂಲಗಳಿಂದಲೂ ಎತ್ತಿಕೊಂಡು ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುತ್ತೇವೆ. ಕ್ಯಾಟಲೀನಾವನ್ನು ಸೀಪ್ಲೇನ್ ಎಂದರೆ ಇಂದಿನ ಲೆಕ್ಕದಲ್ಲಿ ತಪ್ಪಲ್ಲ, ಹಸುವನ್ನು ಪ್ರಾಣಿ ಎಂದಷ್ಟೇ ಸರಿ. ಫ್ಲೋಟ್‌ಪ್ಲೇನ್ ಎಂದರೆ ಮಾತ್ರ ಖಂಡಿತ ತಪ್ಪು.

ಆ ತಪ್ಪು ಮತ್ತೆ ಮತ್ತೆ ಆಗುವುದೇಕೆಂದರೆ, ಕ್ಯಾಟಲೀನಾದ ರೆಕ್ಕೆಗಳ ತುದಿಯಲ್ಲಿ ಎರಡು ಪುಟ್ಟ ಫ್ಲೋಟ್‌ಗಳು ನಿಜವಾಗಿಯೂ ಇವೆ. ಅವನ್ನು ತೋರಿಸಿ ‘ನೋಡಿ, ಫ್ಲೋಟ್ ಇದೆಯಲ್ಲ’ ಎನ್ನುತ್ತಾರೆ. ಇರುವುದು ನಿಜ, ಅವು ವಿಮಾನವನ್ನು ಹೊರುವುದಿಲ್ಲ. ಭಾರವನ್ನೆಲ್ಲ ಹೊರುವುದು ದೋಣಿಯಾಕಾರದ ಒಡಲು. ರೆಕ್ಕೆಯ ಹರವು 31.7 ಮೀಟರ್, ಒಡಲು ಕಿರಿದು. ನೀರಿನಲ್ಲಿ ನಿಂತಾಗ ಪಕ್ಕಕ್ಕೆ ವಾಲದಂತೆ ತಡೆಯುವುದಷ್ಟೇ ಆ ಫ್ಲೋಟ್‌ಗಳ ಕೆಲಸ. ಹಾರಿದ ಮೇಲೆ ಅವು ಹೊರಮುಖವಾಗಿ ಮೇಲಕ್ಕೆ ಮಡಚಿಕೊಂಡು ರೆಕ್ಕೆಯ ತುದಿಯೇ ಆಗಿಬಿಡುತ್ತವೆ. ಟ್ವಿನ್ ಆಟರ್ ಹಾಗಲ್ಲ. ಅದು ನೆಲದ ವಿಮಾನ. ಗಾಲಿ ಇರಬೇಕಾದ ಜಾಗದಲ್ಲಿ ಎರಡು ಉದ್ದನೆಯ ಫ್ಲೋಟ್ ಕಟ್ಟಿರುತ್ತಾರೆ, ಅದರ ಒಡಲಿಗೆ ನೀರು ಸೋಕುವುದೇ ಇಲ್ಲ. ಯುದ್ಧದಲ್ಲಿ ಜರ್ಮನ್ನರ ಅರಾಡೋ 196, ಅಮೆರಿಕನ್ನರ ಕಿಂಗ್‌ಫಿಷರ್, ಜಪಾನೀಯರು ಝೀರೋ ಯುದ್ಧವಿಮಾನಕ್ಕೇ ಫ್ಲೋಟ್ ಕಟ್ಟಿ ಮಾಡಿದ ‘ರೂಫ್’ ಎಲ್ಲವೂ ಈ ಗುಂಪಿನವು. ಗುರುತಿಸಲು ಒಂದೇ ಪ್ರಶ್ನೆ ಸಾಕು: ಒಡಲು ಒದ್ದೆಯಾಗುತ್ತದೆಯೋ ಇಲ್ಲವೋ?

ಒಡಲು ಒದ್ದೆಯಾಗುವುದೆಂದರೆ ಸಾಮಾನ್ಯ ಸಂಗತಿಯಲ್ಲ. ನೀರು ಬಿಡದೆ ಹಿಡಿದುಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಬಾಗಿದ ತಳವನ್ನು ಕೆಳಕ್ಕೆ ಎಳೆಯುತ್ತದೆ. ಆದ್ದರಿಂದಲೇ ಫ್ಲೈಯಿಂಗ್ ಬೋಟ್‌ನ ತಳದಲ್ಲಿ, ನಡುವಿಗೆ ಸ್ವಲ್ಪ ಹಿಂದೆ, ಅಡ್ಡಲಾಗಿ ಒಂದು ಮೆಟ್ಟಿಲು ಕಡಿದಂತೆ ಇರುತ್ತದೆ. ಹೆಸರೂ ‘ಸ್ಟೆಪ್’ ಎಂದೇ. ಓಟ ಶುರುವಾದಾಗ ಮೂತಿ ಮೇಲೇಳುತ್ತದೆ, ನೀರಿನ ಧೂಳು ಕಿಟಕಿಗೆ ಅಪ್ಪಳಿಸಿ ಮುಂದೇನೂ ಕಾಣದಂತಾಗುತ್ತದೆ. ವೇಗ ಏರಿದಂತೆ ಮೂತಿ ಸಮವಾಗುತ್ತದೆ, ಮೆಟ್ಟಿಲ ಹಿಂದಿನ ತಳಕ್ಕೂ ನೀರಿಗೂ ನಡುವೆ ಗಾಳಿ ನುಗ್ಗುತ್ತದೆ, ಹಿಡಿತ ಸಡಿಲುತ್ತದೆ. ಆಗ ದೋಣಿ ಮೆಟ್ಟಿಲ ಮುಂದಿನ ಭಾಗದ ಮೇಲಷ್ಟೇ ಜಾರುತ್ತಿರುತ್ತದೆ. ಆಮೇಲೆ ಅಡಿಯ ಬಡಿತ ನಿಂತುಹೋಗುತ್ತದೆ. ಎದ್ದದ್ದು ಗೊತ್ತಾಗುವುದೇ ಆ ನಿಲುಗಡೆಯಿಂದ. ಕನ್ನಡಿಯಂತೆ ನಿಶ್ಚಲವಾದ ನೀರು ಇವಕ್ಕೆ ಅನುಕೂಲವೆಂದು ಎಣಿಸುವವರಿದ್ದಾರೆ, ಅದು ತಲೆಕೆಳಗು. ಅಂಥ ನೀರು ಒಡಲನ್ನು ಸುಲಭವಾಗಿ ಬಿಡುವುದಿಲ್ಲ. ಇಳಿಯುವಾಗಲಂತೂ ಮೇಲ್ಮೈ ಎಷ್ಟು ಕೆಳಗಿದೆ ಎಂಬುದೇ ಚಾಲಕನ ಕಣ್ಣಿಗೆ ತಿಳಿಯುವುದಿಲ್ಲ. ಸಣ್ಣ ಅಲೆ ಇರಬೇಕು.

ಆಂಫಿಬಿಯನ್, ಅಂದರೆ ಉಭಯಚರ ವಿಮಾನ, ಮೂರನೆಯ ಜಾತಿಯಲ್ಲ. ನೀರಿಗೂ ನೆಲಕ್ಕೂ ಇಳಿಯಬಲ್ಲದ್ದು ಯಾವುದಾದರೂ ಉಭಯಚರವೇ. ಫ್ಲೋಟ್‌ನೊಳಗೆ ಗಾಲಿ ಮಡಚಿಟ್ಟ ವಿಮಾನವೂ ಹೌದು, ಗಾಲಿ ಇರುವ ಫ್ಲೈಯಿಂಗ್ ಬೋಟ್ ಕೂಡ ಹೌದು. ಸ್ಪಿಟ್‌ಫೈರ್ ಯುದ್ಧವಿಮಾನವನ್ನು ರೂಪಿಸಿದ ಆರ್.ಜೆ. ಮಿಚೆಲ್ ಅವರದೇ ವಾಲ್ರಸ್ ಅಂಥದ್ದು. 1953ರಲ್ಲಿ ಕೊಚ್ಚಿಗೆ ಬಂದ ಭಾರತೀಯ ನೌಕಾಪಡೆಯ ಮೊದಲ ವಿಮಾನ ಶಾರ್ಟ್ ಸೀಲ್ಯಾಂಡ್ ಕೂಡ ಅಂಥದ್ದೇ. ಕ್ಯಾಟಲೀನಾದಲ್ಲಿ ಎರಡೂ ಬಗೆ ಇದ್ದವು: ಪಿಬಿವೈ-5 ಎಂಬ ಮಾದರಿಗೆ ಗಾಲಿ ಇರಲಿಲ್ಲ, 5ಎ ಮಾದರಿಗೆ ಇತ್ತು. ‘ನಾನು ನೋಡಿದ ಚಿತ್ರದಲ್ಲಿ ಗಾಲಿ ಇತ್ತು’ ಎನ್ನುವವರು ಅದು ಯಾವ ಗಾಲಿ ಎಂದೂ ನೋಡಬೇಕು. ಗಾಲಿಯಿಲ್ಲದ ಫ್ಲೈಯಿಂಗ್ ಬೋಟ್‌ಗೆ, ಅದು ನೀರಿನಲ್ಲಿರುವಾಗಲೇ, ಪಕ್ಕಗಳಿಗೆ ತಾತ್ಕಾಲಿಕ ಗಾಲಿಗಳನ್ನು ಸಿಕ್ಕಿಸಿ ಟ್ರಾಕ್ಟರಿನಿಂದ ದಡಕ್ಕೆ ಎಳೆಯುತ್ತಿದ್ದರು. ಆ ಗಾಲಿಗಳ ಮೇಲೆ ಇಳಿಯಲು ಹೋಗುವ ಮಾತೇ ಇಲ್ಲ.

ಇದನ್ನು ಅರಿತರೆ ಬೆಂಗಳೂರಿನದೇ ಒಂದು ಸಂಗತಿ ತಾನಾಗಿ ಸ್ಪಷ್ಟವಾಗುತ್ತದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ನಡುವೆ ಅಮೆರಿಕನ್ ಸೇನೆಯ ದುರಸ್ತಿ ಕೇಂದ್ರವಾಯಿತು. ಅಲ್ಲಿಗೆ ಕ್ಯಾಟಲೀನಾಗಳೂ ಬರುತ್ತಿದ್ದವು. ಸಮುದ್ರದಿಂದ ಇಷ್ಟು ದೂರ, ಇಷ್ಟು ಎತ್ತರದ ಊರಿಗೆ ‘ಕಡಲ ವಿಮಾನ’ ಏಕೆ ಬಂತು, ಬಂದದ್ದು ಪಕ್ಕದ ರನ್‌ವೇಯನ್ನು ಬಿಟ್ಟು ಬೆಳ್ಳಂದೂರು ಕೆರೆಯಲ್ಲಿ ಏಕೆ ಇಳಿಯಿತು ಎಂದು ಅಚ್ಚರಿಪಡುವವರಿದ್ದಾರೆ. ಗಾಲಿಯಿಲ್ಲದ ದೋಣಿಗೆ ರನ್‌ವೇ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದಕ್ಕೆ ಬೇಕಾದದ್ದು ನೀರು, ಬೆಳ್ಳಂದೂರು ಕೆರೆಯಲ್ಲಿ ಆಗ ಅದು ಬೇಕಾದಷ್ಟಿತ್ತು. ಮದರಾಸಿನ ಕ್ಯಾಟಲೀನಾಗಳು ರೆಡ್ ಹಿಲ್ಸ್ ಕೆರೆಯಲ್ಲೂ ಸಿಂಹಳದವು ಕೊಗ್ಗಲದ ಹಿನ್ನೀರಿನಲ್ಲೂ ಬೀಡುಬಿಟ್ಟದ್ದು ಇದೇ ಕಾರಣಕ್ಕೆ. ಕೊಗ್ಗಲದಿಂದ ಹೊರಟ ಕೆನಡಾದ ಕ್ಯಾಟಲೀನಾ ಚಾಲಕ ಲೆನಾರ್ಡ್ ಬರ್ಚಲ್ 1942ರ ಏಪ್ರಿಲ್ 4ರಂದು ಸಿಂಹಳದತ್ತ ಬರುತ್ತಿದ್ದ ಜಪಾನೀ ನೌಕಾಬಲವನ್ನು ಕಂಡು, ಜಪಾನೀಯರು ತನ್ನ ವಿಮಾನವನ್ನು ಹೊಡೆದುರುಳಿಸುವ ಮುನ್ನವೇ ರೇಡಿಯೋದಲ್ಲಿ ಎಚ್ಚರಿಕೆ ಕಳಿಸಿದ.

ಯುದ್ಧಕಾಲದ ಫ್ಲೈಯಿಂಗ್ ಬೋಟ್‌ಗಳ ಆಕರ್ಷಣೆಗೆ ‘ಹಳೆಯ ಕಾಲದ ಸೊಗಸು’ ಎಂಬ ಸವಕಲು ಮಾತು ಹೇಳಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಸೊಗಸಿನ ವಿಮಾನಗಳು ಬೇರೆ ಎಷ್ಟೋ ಇವೆ. ಇವುಗಳಲ್ಲಿ ಜನ ವಾಸ ಮಾಡುತ್ತಿದ್ದರು. 1937ರಲ್ಲಿ ಮೊದಲು ಹಾರಿದ ಸಂಡರ್‌ಲ್ಯಾಂಡ್‌ನೊಳಗೆ ಎರಡು ಅಂತಸ್ತು, ಒಲೆಯಿದ್ದ ಅಡುಗೆಮನೆ, ಮಲಗುವ ಅಟ್ಟಣೆ, ಚಿಕ್ಕಪುಟ್ಟ ದುರಸ್ತಿಗೆ ಕೆಲಸದ ಮೇಜು ಇದ್ದವು. ಮೂತಿಯಲ್ಲಿ ಬಂದೂಕಿನ ಗೋಪುರ. ನೀರಿಗಿಳಿದ ಮೇಲೆ ಅದನ್ನು ಹಿಂದಕ್ಕೆ ಸರಿಸಿದರೆ ಬರಿಯ ಕಿಂಡಿ ತೆರೆದುಕೊಳ್ಳುತ್ತಿತ್ತು. ಸಿಬ್ಬಂದಿಯಲ್ಲೊಬ್ಬ ಅಲ್ಲಿ ನಿಂತು ಬಾಗಿ ವಿಮಾನವನ್ನು ಕಟ್ಟಿಹಾಕಲು ನೀರಿನಲ್ಲಿ ತೇಲಿಬಿಟ್ಟ ಬುರುಡೆಗೆ ಹಗ್ಗ ಹಾಕುತ್ತಿದ್ದ. ಕೆಲವೇ ನಿಮಿಷಗಳ ಹಿಂದೆ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ವಿಮಾನದಲ್ಲಿ ಅವನು ಈಗ ಅಂಬಿಗ. ಲಂಗರು, ತಳದ ನೀರೆತ್ತುವ ಪಂಪು, ಉಬ್ಬರವಿಳಿತದ ಲೆಕ್ಕ ಎಲ್ಲವೂ ಅವನ ಪಾಲಿನ ಕೆಲಸ. ಫ್ಲೋಟ್‌ಪ್ಲೇನ್ ಎಷ್ಟೇ ಚೆಂದವಿದ್ದರೂ ಈ ಇಬ್ಬಗೆಯ ಬದುಕು ಅದಕ್ಕಿಲ್ಲ.

ಇವು ನಿಧಾನ. ಕ್ಯಾಟಲೀನಾದ ಓಡಾಟದ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಆ ನಿಧಾನದಿಂದಲೇ ದಿನವಿಡೀ ಆಕಾಶದಲ್ಲಿರುವ ಶಕ್ತಿ ಬರುತ್ತಿತ್ತು. 1943ರಿಂದ 1945ರವರೆಗೆ ಕ್ವಾಂಟಾಸ್ ಸಂಸ್ಥೆ ಪರ್ತ್‌ನಿಂದ ಕೊಗ್ಗಲಕ್ಕೆ ಹಿಂದೂ ಮಹಾಸಾಗರದ ಮೇಲೆ ಎಲ್ಲೂ ಇಳಿಯದೆ ಕ್ಯಾಟಲೀನಾ ಓಡಿಸಿತು. ಪ್ರಯಾಣಿಕರು ಹೆಚ್ಚೆಂದರೆ ಮೂವರು, ಜೊತೆಗೆ ಒಂದಿಷ್ಟು ಅಂಚೆ. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದರಿಂದ ಆ ಸೇವೆಗೆ ‘ಡಬಲ್ ಸನ್‌ರೈಸ್’ ಎಂದೇ ಹೆಸರಾಯಿತು. ಶತ್ರುಗಳಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನ, ನಕ್ಷತ್ರ ನೋಡಿ ದಾರಿ.

ಇನ್ನೊಂದು ಘಟನೆಯನ್ನು ಬಿಡಲಾಗದು. ಪೆಸಿಫಿಕ್‌ನಲ್ಲಿ ಅಮೆರಿಕದ ಯುದ್ಧನೌಕೆ ಇಂಡಿಯಾನಾಪೊಲಿಸ್ ಮುಳುಗಿ ದಿನಗಟ್ಟಲೆ ನೀರಿನಲ್ಲಿದ್ದ ನಾವಿಕರನ್ನು ಶಾರ್ಕ್‌ಗಳು ಸುತ್ತುವರಿದಿದ್ದವು. 1945ರ ಆಗಸ್ಟ್ 2ರಂದು ಅಮೆರಿಕನ್ ನೌಕಾಪಡೆಯ ಚಾಲಕ ಏಡ್ರಿಯನ್ ಮಾರ್ಕ್ಸ್ ತನ್ನ ಕ್ಯಾಟಲೀನಾವನ್ನು ದೊಡ್ಡ ಅಲೆಗಳಿದ್ದ ತೆರೆದ ಸಮುದ್ರದಲ್ಲೇ ಇಳಿಸಿದ. ಹಾಗೆ ಇಳಿಯಬಾರದೆಂಬ ಆದೇಶವಿತ್ತು. ಒಡಲಿನ ರಿವೆಟ್‌ಗಳು ಕಿತ್ತುಹೋದವು. ತೂತುಗಳಿಗೆ ಪೆನ್ಸಿಲ್, ಸಂದುಗಳಿಗೆ ಹತ್ತಿ ತುರುಕಿದರು. ಒಳಗೆ ಜಾಗ ಮುಗಿದ ಮೇಲೆ ಜನರನ್ನು ರೆಕ್ಕೆಯ ಮೇಲೆ ಮಲಗಿಸಿ ಪ್ಯಾರಾಚೂಟಿನ ಹುರಿಯಿಂದ ಬಿಗಿದರು. ಒಟ್ಟು 56 ಮಂದಿ. ವಿಮಾನ ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ರಕ್ಷಣಾ ಹಡಗು ಬರುವವರೆಗೆ ಆ ರಾತ್ರಿ ಅದು ದೋಣಿಯಾಗಿ ತೇಲಿದರೆ ಸಾಕಿತ್ತು, ತೇಲಿತು.

ಯುದ್ಧವೇ ಇವುಗಳಿಗೆ ಮುಳುವಾಯಿತು. ಜಗತ್ತಿನ ಉದ್ದಗಲಕ್ಕೂ ಕಾಂಕ್ರೀಟ್ ರನ್‌ವೇಗಳು ಎದ್ದವು, ಉಪ್ಪುನೀರಿನ ತುಕ್ಕಿನ ಜೊತೆ ಗುದ್ದಾಡುವುದು ಯಾರಿಗೂ ಬೇಡವಾಯಿತು. ಬ್ರಿಟನ್ನಿನ ವಾಯುಪಡೆ ಸಂಡರ್‌ಲ್ಯಾಂಡ್‌ಗಳನ್ನು 1959ರಲ್ಲಿ ಕೈಬಿಟ್ಟಿತು, ನ್ಯೂಜಿಲೆಂಡ್ 1967ರಲ್ಲಿ. ಈಗ ಲಂಡನ್ನಿನ ಹೆಂಡನ್‌ ವಸ್ತುಸಂಗ್ರಹಾಲಯದಲ್ಲೂ ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್‌ನದರಲ್ಲೂ ತಲಾ ಒಂದು ನೋಡಲು ಸಿಗುತ್ತದೆ. ಜಪಾನಿನ ಕಾನೋಯಾದಲ್ಲಿ ಯುದ್ಧಕಾಲದ ಜಪಾನೀ ಫ್ಲೈಯಿಂಗ್ ಬೋಟ್ ಕವಾನಿಶಿ ಎಚ್8ಕೆ ಒಂದು ಉಳಿದಿದೆ. ಕ್ಯಾಟಲೀನಾಗಳು ಬೆರಳೆಣಿಕೆಯಷ್ಟು ಇನ್ನೂ ಹಾರುತ್ತಿವೆ. ಅಮೆರಿಕನ್ ನೌಕಾಪಡೆಗಾಗಿ ಕಟ್ಟಿದ, ಮುಂದೆ ಕೆನಡಾದಲ್ಲಿ ಕಾಡ್ಗಿಚ್ಚಿಗೆ ನೀರು ಸುರಿಯುತ್ತಿದ್ದ ದೈತ್ಯ ಮಾರ್ಟಿನ್ ಮಾರ್ಸ್‌ಗಳಲ್ಲಿ ‘ಫಿಲಿಪೀನ್ ಮಾರ್ಸ್’ 2025ರ ಫೆಬ್ರವರಿಯಲ್ಲಿ ಅರಿಜೋನಾಕ್ಕೆ ಹಾರಿತು. ಅದು ಸೇರಬೇಕಾದ ವಸ್ತುಸಂಗ್ರಹಾಲಯ ಇರುವುದು ಮರುಭೂಮಿಯ ಟೂಸಾನ್‌ನಲ್ಲಿ. ಅಲ್ಲಿ ವಿಮಾನ ನಿಲ್ದಾಣವಿದೆ, ಆದರೆ ಇದಕ್ಕೆ ಗಾಲಿಯಿಲ್ಲ. ಆದ್ದರಿಂದ ಫೀನಿಕ್ಸ್ ಬಳಿಯ ಲೇಕ್ ಪ್ಲೆಸೆಂಟ್ ಜಲಾಶಯದಲ್ಲಿ ಇಳಿಸಿದರು. ಉಳಿದ ದಾರಿಗೆ ಅದನ್ನು ಬಿಚ್ಚಿ ಲಾರಿಗಳಲ್ಲಿ ಸಾಗಿಸುವ ಏರ್ಪಾಡಾಯಿತು.